ಕುಣಿತ ಕಳೆಯುವ ಬ್ಯಾನಿ ಯಾವುದು?

ಭರತ ಹುಣ್ಣಿಮೆ ಹತ್ತಿರ ಬಂದಿತೆಂದರೆ ಬಳ್ಳಾರಿ ಸೀಮೆಯ ಪಶ್ಚಿಮ ತಾಲ್ಲೂಕುಗಳ ರಸ್ತೆಗಳಲ್ಲಿ ಜನ ಎರಡು ದಿಕ್ಕಿಗೆ ಹರಿಯುತ್ತಾರೆ. ಒಂದು ಹರಿವು ಹೂವಿನಹಡಗಲಿ ತಾಲ್ಲೂಕಿನ ಮೈಲಾರದತ್ತ. ಇನ್ನೊಂದು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದತ್ತ. ಚಕ್ಕಡಿಯ ಕಾಲ ಹೋಗಿ ಟ್ರ್ಯಾಕ್ಟರ್ ಬಂದಿದೆ, ಟ್ರ್ಯಾಕ್ಟರಿನ ಜತೆಗೆ ಟೆಂಪೊ ಸೇರಿದೆ. ಆದರೆ ಅದರಲ್ಲಿ ಕುಳಿತವರ ಹರಕೆಗಳು ಹೆಚ್ಚು ಬದಲಾಗಿಲ್ಲ. ಮಳೆ ಬೇಕು, ಬೆಳೆ ಬೇಕು, ಮಗಳಿಗೆ ಗಂಡು ಸಿಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಮಲಗಿದವರು ಎದ್ದು ಓಡಾಡಬೇಕು.

ಈ ಭಾಗದಲ್ಲಿ ಕಾಯಿಲೆಗೆ ಜಡ್ಡು ಎನ್ನುತ್ತಾರೆ, ಬ್ಯಾನಿ ಎಂದೂ ಎನ್ನುತ್ತಾರೆ. ಜಡ್ಡು ಬಿದ್ದವರ ಮನೆಗೆ ಹೋದ ನೆಂಟರು ಎರಡು ಪ್ರಶ್ನೆ ಕೇಳುವುದು ವಾಡಿಕೆ. ಡಾಕ್ಟರಿಗೆ ತೋರಿಸಿದಿರಾ ಎಂಬುದು ಮೊದಲನೆಯದು. ದೇವರ ಹತ್ತಿರ ಕೇಳಿಸಿದಿರಾ ಎಂಬುದು ಎರಡನೆಯದು. ಕೇಳಿಸುವುದು ಎಂದರೆ ದೇವರು ಮೈದುಂಬಿದವರ ಮುಂದೆ ನಿಂತು ಕಾರಣ ಕೇಳುವುದು. ಆ ಮೈದುಂಬುವಿಕೆಗೆ ವಾದ್ಯ ಬೇಕು, ಹಾಡು ಬೇಕು, ಕುಣಿತ ಬೇಕು, ಸುತ್ತ ಜನ ಬೇಕು.

ಕುಣಿತದಿಂದ ಕಾಯಿಲೆ ವಾಸಿಯಾಗುತ್ತದೆಯೆ? ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಪೂರ್ವಿಕರ ವಿಜ್ಞಾನ ಎಂದು ಹೊಗಳುವುದು ಇನ್ನೂ ಸುಲಭ. ಎರಡನ್ನೂ ಬಿಟ್ಟು, ಈ ಕುಣಿತ ಏನು ಮಾಡುತ್ತದೆ, ಅದಕ್ಕೆ ಯಾರು ಬೆಲೆ ತೆತ್ತಿದ್ದಾರೆ ಎಂದು ನೋಡುವುದು ಇಲ್ಲಿನ ಪ್ರಯತ್ನ.

ಮೂರು ಬಗೆಯ ಕುಣಿತ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. 2021ರಲ್ಲಿ ಹೊಸ ಜಿಲ್ಲೆಯಾಗುವ ಮೊದಲು ಇವು ಬಳ್ಳಾರಿಗೆ ಸೇರಿದ್ದವು. ಹರಪನಹಳ್ಳಿ ಮಾತ್ರ 1997ರಿಂದ ಕೆಲಕಾಲ ದಾವಣಗೆರೆಯಲ್ಲಿತ್ತು. ಅದಕ್ಕೂ ಹಿಂದೆ, 1953ರ ಅಕ್ಟೋಬರ್ 1ರವರೆಗೆ ಈ ನೆಲ ಮದ್ರಾಸಿನ ಆಡಳಿತದಲ್ಲಿತ್ತು. ಮಳೆ ಕಡಿಮೆ, ಊರುಗಳು ದೂರ, ಆಸ್ಪತ್ರೆ ಇನ್ನೂ ದೂರ. ಇಂಥ ಸೀಮೆಯಲ್ಲಿ ದೇವರೇ ಮೊದಲ ವೈದ್ಯನಾದದ್ದು ಆಶ್ಚರ್ಯವಲ್ಲ.

ಮೈದುಂಬುವ ಕುಣಿತಗಳಲ್ಲಿ ಇಲ್ಲಿ ಮೂರು ಬಗೆ ಎದ್ದು ಕಾಣುತ್ತವೆ. ಮೊದಲನೆಯದು ಮೈಲಾರಲಿಂಗನ ಗೊರವರದು. ಕಪ್ಪು ಕಂಬಳಿಯ ನಿಲುವಂಗಿ, ಕರಡಿ ಕೂದಲಿನ ಟೋಪಿ, ಕೈಯಲ್ಲಿ ಡಮರುಗ, ಕೊಳಲು, ಸೊಂಟದಲ್ಲಿ ಭಂಡಾರದ ಚೀಲ. ಭಂಡಾರ ಎಂದರೆ ಅರಿಸಿನದ ಪುಡಿ. ಅದು ಪ್ರಸಾದವೂ ಹೌದು, ಭಕ್ತರ ಪಾಲಿಗೆ ಮದ್ದೂ ಹೌದು. ಹಣೆಗೆ ಹಚ್ಚಿಸಿಕೊಂಡು, ಚಿಟಿಕೆ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಗಂಟು ಕಟ್ಟಿ ಊರಿಗೆ ಒಯ್ಯುತ್ತಾರೆ. ಜಾತ್ರೆಯ ಕೊನೆಯ ಘಟ್ಟದಲ್ಲಿ ಹಲವು ದಿನ ಉಪವಾಸವಿದ್ದ ಗೊರವಯ್ಯ ಡೆಂಕಣ ಮರಡಿಯಲ್ಲಿ ಎತ್ತರದ ಬಿಲ್ಲನ್ನೇರುತ್ತಾನೆ. ಸದ್ದಲೇ ಎಂದು ಕೂಗಿದೊಡನೆ ಲಕ್ಷಾಂತರ ಜನರ ಗದ್ದಲ ಅಡಗುತ್ತದೆ. ಒಂದೇ ಸಾಲಿನ ಕಾರಣಿಕ ನುಡಿದು ಹಿಂದಕ್ಕೆ ಬೀಳುವ ಅವನನ್ನು ಕೆಳಗಿನ ಭಕ್ತರು ಕೈಗಳಲ್ಲಿ ಹಿಡಿಯುತ್ತಾರೆ. ಪತ್ರಿಕೆಗಳು ಆ ಸಾಲಿನಲ್ಲಿ ರಾಜಕೀಯ ಹುಡುಕುತ್ತವೆ. ರೈತರು ಅದರಲ್ಲಿ ಹಿಂಗಾರು ಮುಂಗಾರು ಹುಡುಕುತ್ತಾರೆ.

ಎರಡನೆಯದು ಜೋಗತಿಯರದು. ಎಲ್ಲಮ್ಮ, ಹುಲಿಗೆಮ್ಮ, ಉಚ್ಚಂಗೆಮ್ಮರ ಹೆಸರಿನಲ್ಲಿ ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ಬಡಿತಕ್ಕೆ ಸುತ್ತಿ ಸುತ್ತಿ ಕುಣಿಯುತ್ತಾರೆ. ಕೊಡ ಬೀಳುವಂತಿಲ್ಲ. ಜಡ್ಡು ಬಂದ ಮನೆಯವರು ಜೋಗತಿಯನ್ನು ಕರೆಸಿ ಹಡಲಿಗೆ ತುಂಬಿಸುವುದು, ಮಕ್ಕಳ ತಲೆಯ ಮೇಲೆ ಅವಳ ಕೈ ಇರಿಸುವುದು, ಸೆರಗಿನಿಂದ ದೃಷ್ಟಿ ತೆಗೆಸುವುದು ಹಳೆಯ ರೂಢಿ.

ಮೂರನೆಯದು ಕೂಡ್ಲಿಗಿ ಕಡೆಯ ಮ್ಯಾಸನಾಯಕರದು. ದನಗಾಹಿ ಬದುಕಿನ ಈ ಸಮುದಾಯದಲ್ಲಿ ದೇವರ ಎತ್ತುಗಳಿಗೆ ದೇವರಷ್ಟೇ ಮರ್ಯಾದೆ. ಇವರ ಹಬ್ಬಗಳಲ್ಲಿ ಉರುಮೆ ಮೊಳಗಬೇಕು. ಉರುಮೆಯ ಒಂದು ಮುಖವನ್ನು ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಆಗ ಹುಟ್ಟುವ ಗುಂಯ್ಯೆನ್ನುವ ನಾದ ಎದೆಯೊಳಗೇ ಎದ್ದಂತೆ ಕೇಳುತ್ತದೆ. ಆ ನಾದಕ್ಕೆ ಪೂಜಾರಿಯ ಮೈ ನಡುಗತೊಡಗಿದರೆ ದೇವರು ಬಂದಿತೆಂದು ಅರ್ಥ.

ಅಮ್ಮನ ಕಾಲ

ಈ ಆಚರಣೆಗಳು ಬೇರೂರಿದ ಕಾಲದ ರೋಗಗಳು ಯಾವುವು ಎಂದು ನೆನೆದರೆ ಅವುಗಳ ಗಾಂಭೀರ್ಯ ತಿಳಿಯುತ್ತದೆ. ಸಿಡುಬು, ಕಾಲರಾ, ಪ್ಲೇಗು, ದನಗಳಿಗೆ ಬರುವ ದೊಡ್ಡರೋಗ. ಮದ್ರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ಪುಸ್ತಕ ಪ್ರಕಟಿಸಿದರು. ಊರಮ್ಮಂದಿರ ಪೂಜೆಗಳಲ್ಲಿ ಹೆಚ್ಚಿನವು ಇಂಥ ಸಾಂಕ್ರಾಮಿಕಗಳ ಭಯಕ್ಕೆ ಅಂಟಿಕೊಂಡಿವೆ ಎಂಬುದು ಅದರಿಂದ ತಿಳಿಯುತ್ತದೆ.

ಸಿಡುಬಿಗೆ ಅಮ್ಮ ಎಂದೇ ಹೆಸರು. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರು ಒಳಗೆ ಬರುತ್ತಿರಲಿಲ್ಲ. ಊರಿಗೇ ರೋಗ ಬಡಿದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿ ಹೊರಬೀಡು ಇರುತ್ತಿದ್ದರು. ದೇವಿಯ ಅಪ್ಪಣೆಯೆಂದು ಮಾಡಿದ ಈ ಕೆಲಸಗಳಲ್ಲಿ ಕೆಲವು ರೋಗ ಹರಡುವುದನ್ನು ತಡೆಯುವ ಕ್ರಮಗಳೂ ಆಗಿದ್ದವು.

ಆದರೆ ಸಿಡುಬನ್ನು ಕುಣಿತ ಓಡಿಸಲಿಲ್ಲ, ಲಸಿಕೆ ಓಡಿಸಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ನಿರ್ಮೂಲವಾಯಿತೆಂದು ಸಾರಿತು. ದನಗಳ ದೊಡ್ಡರೋಗವೂ ಲಸಿಕೆಯಿಂದಲೇ ಅಳಿದು, 2011ರಲ್ಲಿ ಜಗತ್ತಿನಿಂದ ಕಣ್ಮರೆಯಾಯಿತೆಂದು ಘೋಷಣೆಯಾಯಿತು. ಇಲ್ಲೊಂದು ಸೋಜಿಗ ಇದೆ. ಈ ಕುಣಿತ ಸಿಡುಬಿಗಾಗಿಯೇ ಇದ್ದಿದ್ದರೆ ಸಿಡುಬಿನ ಜತೆಗೇ ಹೋಗಬೇಕಿತ್ತು. ಅದು ಹೋಗಲಿಲ್ಲ. ಹಾಗಾದರೆ ಅದು ಬೇರೆ ಯಾವುದೋ ಬ್ಯಾನಿಗೂ ಮದ್ದಾಗಿರಬೇಕು. ಅದನ್ನು ಅರಿಯಲು ಸ್ವಲ್ಪ ದೂರ ಹೋಗಿ ಬರೋಣ.

ಕಲಹರಿಯ ಬೆಂಕಿಯ ಸುತ್ತ

ಆಫ್ರಿಕದ ದಕ್ಷಿಣ ಭಾಗದಲ್ಲಿ, ಬೋಟ್ಸ್ವಾನ ಮತ್ತು ನಮೀಬಿಯಗಳಲ್ಲಿ ಹರಡಿಕೊಂಡ ಕಲಹರಿ ಮರಳುನಾಡಿನಲ್ಲಿ ಸಾನ್ ಜನರಿದ್ದಾರೆ. ಬೇಟೆ ಮತ್ತು ಗೆಡ್ಡೆಗೆಣಸುಗಳಿಂದ ಬಹು ಕಾಲ ಬದುಕಿದವರು ಇವರು. ಇವರಲ್ಲಿ ಕಾಯಿಲೆ ಕಳೆಯುವ ಕುಣಿತವೊಂದಿದೆ. ಕತ್ತಲಾದ ಮೇಲೆ ಬೆಂಕಿ ಹಾಕುತ್ತಾರೆ. ಹೆಂಗಸರು ಭುಜಕ್ಕೆ ಭುಜ ತಾಗಿಸಿ ಸುತ್ತ ಕುಳಿತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಗಂಡಸರು ಕಾಲಿಗೆ ಹುಳದ ಗೂಡುಗಳಿಂದ ಮಾಡಿದ ಗೆಜ್ಜೆ ಸುತ್ತಿಕೊಂಡು ಅವರ ಹಿಂದೆ ಸುತ್ತು ಹಾಕುತ್ತಾರೆ. ಬೆಳಗಿನವರೆಗೂ ಕುಣಿತ ಸಾಗುತ್ತದೆ.

ಕುಣಿಯುತ್ತ ಕುಣಿಯುತ್ತ ಒಳಗಿನ ಶಕ್ತಿ ಕಾದು ಕುದಿದು ಬೆನ್ನುಹುರಿಯಲ್ಲಿ ಮೇಲೇರುತ್ತದೆ ಎಂಬುದು ಅವರ ನಂಬಿಕೆ. ಮೈ ನಡುಗುತ್ತದೆ, ಬೆವರಿಳಿಯುತ್ತದೆ, ಕೆಲವರು ಬೀಳುತ್ತಾರೆ. ಆ ಸ್ಥಿತಿ ತಲುಪಿದವರು ಒಬ್ಬೊಬ್ಬರ ಎದೆ, ಬೆನ್ನು, ತಲೆಗಳ ಮೇಲೆ ಕೈಯಿಟ್ಟು ಒಳಗಿನ ಕೇಡನ್ನು ಎಳೆದು ಕಿರುಚಿ ಹೊರಗೆಸೆಯುತ್ತಾರೆ. ಕೈ ಇಡುವುದು ಕಾಯಿಲೆಯವರ ಮೇಲಷ್ಟೇ ಅಲ್ಲ, ಅಲ್ಲಿದ್ದ ಎಲ್ಲರ ಮೇಲೂ. ಜಗಳವಾಡಿದವರು, ಮುನಿಸಿಕೊಂಡವರು, ನೆಂಟರು ಎಲ್ಲರೂ ಆ ರಾತ್ರಿ ಒಂದೇ ಬೆಂಕಿಯ ಸುತ್ತ ಇರುತ್ತಾರೆ.

ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಕಾಟ್ಜ್ 1968ರಲ್ಲಿ ಅಲ್ಲಿಗೆ ಹೋಗಿ ಈ ಕುಣಿತವನ್ನು ಅಭ್ಯಾಸ ಮಾಡಿದರು. 1982ರಲ್ಲಿ ಬಂದ ಅವರ ‘ಬಾಯ್ಲಿಂಗ್ ಎನರ್ಜಿ’ ಎಂಬ ಪುಸ್ತಕ ಹೇಳುವಂತೆ, ಅಲ್ಲಿನ ವಯಸ್ಕ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮತ್ತು ಹೆಂಗಸರಲ್ಲಿ ಹತ್ತರಲ್ಲಿ ಒಂದು ಪಾಲು ವಾಸಿ ಮಾಡುವವರೇ. ಅದು ಯಾವುದೋ ಕುಲದ ಸೊತ್ತಲ್ಲ, ಅದಕ್ಕೆ ಕಾಣಿಕೆಯಿಲ್ಲ, ಒಬ್ಬನಿಗೆ ಬಂದರೆ ಇನ್ನೊಬ್ಬನಿಗೆ ಕಡಿಮೆಯಾಗುವುದೂ ಇಲ್ಲ. ದಕ್ಷಿಣ ಆಫ್ರಿಕದ ಡ್ರೇಕನ್ಸ್‌ಬರ್ಗ್ ಬೆಟ್ಟಗಳಲ್ಲಿ ಸಾನ್ ಪೂರ್ವಿಕರು ಬಿಡಿಸಿದ ಬಂಡೆಚಿತ್ರಗಳಿವೆ. ಬಾಗಿದ ಮೈ, ಮೂಗಿನಿಂದ ಸುರಿಯುವ ರಕ್ತ, ಸಾಯುತ್ತಿರುವ ಜಿಂಕೆಜಾತಿಯ ಪ್ರಾಣಿ ಇವೆಲ್ಲ ಇದೇ ಕುಣಿತದ ಅನುಭವದ ಚಿತ್ರಗಳು ಎಂದು ಡೇವಿಡ್ ಲೂಯಿಸ್-ವಿಲಿಯಮ್ಸ್ ಎಂಬ ವಿದ್ವಾಂಸರು ವಾದಿಸಿದ್ದಾರೆ. ಸಾನ್ ಕುಣಿತಕ್ಕೂ ನಮ್ಮ ಸೀಮೆಯ ಕುಣಿತಕ್ಕೂ ರಕ್ತಸಂಬಂಧ ಹುಡುಕಬೇಕಿಲ್ಲ. ಆದರೆ ಮನುಷ್ಯನ ಮೈ ಎಲ್ಲ ಕಡೆಯೂ ಒಂದೇ.

ಮೈಯೊಳಗೆ ನಡೆಯುವುದೇನು?

ಉಪವಾಸ, ನಿದ್ದೆಗೆಡುವುದು, ಒಂದೇ ಲಯದಲ್ಲಿ ಗಂಟೆಗಟ್ಟಲೆ ಕೇಳುವ ಬಡಿತ, ಲೋಬಾನದ ಹೊಗೆ, ಏರುವ ಉಸಿರು, ಸುತ್ತ ನಂಬಿದ ಜನ. ಇಷ್ಟು ಕೂಡಿದರೆ ಮನಸ್ಸು ತನ್ನ ದಿನನಿತ್ಯದ ಹತೋಟಿಯನ್ನು ಸಡಿಲಿಸುತ್ತದೆ. ದಣಿದ ದೇಹ ನೋವನ್ನು ಮರೆಸುವ ರಾಸಾಯನಿಕಗಳನ್ನು ತಾನೇ ಸ್ರವಿಸುತ್ತದೆ. ಮೈಲಾರದಲ್ಲಿ ಪವಾಡ ಮಾಡುವವರು ಸರಪಳಿ ಹರಿಯುವಾಗ ಮುಖದಲ್ಲಿ ನೋವು ಕಾಣದಿರುವುದಕ್ಕೆ ಇದೂ ಒಂದು ವಿವರಣೆ. ಎಲ್ಲರೂ ನಾಟಕವಾಡುತ್ತಾರೆ ಎನ್ನಲಾಗದು. ಹಾಗೆಂದು ಯಾರೂ ನಾಟಕವಾಡುವುದಿಲ್ಲ ಎಂದೂ ಹೇಳಲಾಗದು.

ಇನ್ನೊಂದು ವಿವರಣೆ ಸಮಾಜದ್ದು. ಐ. ಎಂ. ಲೂಯಿಸ್ ಎಂಬ ಮಾನವಶಾಸ್ತ್ರಜ್ಞರು 1971ರಲ್ಲಿ ಒಂದು ಅಂಶ ತೋರಿಸಿಕೊಟ್ಟರು. ಹಲವು ದೇಶಗಳಲ್ಲಿ ದೆವ್ವವಾಗಲಿ ದೇವರಾಗಲಿ ಹೆಚ್ಚಾಗಿ ಮೈಮೇಲೆ ಬರುವುದು ಹೆಂಗಸರಿಗೆ ಮತ್ತು ಕೆಳಗಿನ ಸ್ಥಾನದವರಿಗೆ. ಬೇರೆ ದಿನ ಅವರ ಮಾತನ್ನು ಯಾರೂ ಕೇಳರು. ಮೈದುಂಬಿದ ದಿನ ಎಲ್ಲರೂ ಕೇಳಲೇಬೇಕು. ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಸಾಕ್ಷಿ ಹುಡುಕಿ ಹೋಗಬೇಕಿಲ್ಲ. ಅತ್ತೆಯೆದುರು ತಲೆಯೆತ್ತದ ಸೊಸೆ ಅಮ್ಮ ಮೈಮೇಲೆ ಬಂದಾಗ ಮಾವನನ್ನೇ ಏಕವಚನದಲ್ಲಿ ಗದರಿಸುತ್ತಾಳೆ. ಗದರಿಸಿಕೊಂಡವರು ತಪ್ಪಾಯಿತು ತಾಯಿ ಎಂದು ಕಾಯಿ ಒಡೆಯುತ್ತಾರೆ. ಮರುದಿನ ಮನೆಯಲ್ಲಿ ಅವಳ ಬಗ್ಗೆ ಸ್ವಲ್ಪ ಮೆದು ನಡತೆ ಕಾಣಬಹುದು. ಅವಳ ತಲೆನೋವು ಕಡಿಮೆಯಾದರೆ ಅದು ಸುಳ್ಳಲ್ಲ.

ರೋಗ ಬೇರೆ, ಬ್ಯಾನಿ ಬೇರೆ ಎಂದು ಬೇರ್ಪಡಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ರೋಗ ಎಂದರೆ ದೇಹದಲ್ಲಿ ಕೆಟ್ಟದ್ದು. ಬ್ಯಾನಿ ಎಂದರೆ ಕೆಟ್ಟದ್ದರಿಂದ ಮನುಷ್ಯ ಅನುಭವಿಸುವ ಸಂಕಟ, ಭಯ, ಒಂಟಿತನ. ಕ್ಷಯಕ್ಕೆ, ಹಾವಿನ ವಿಷಕ್ಕೆ ಡಮರುಗ ತಾಗದು. ಆದರೆ ಒಂಟಿತನಕ್ಕೆ ತಾಗಬಹುದು. ತಮಿಳುನಾಡಿನ ಮುತ್ತುಸ್ವಾಮಿ ಎಂಬ ದೇವರ ಗುಡಿಯಲ್ಲಿ ಬಂದು ತಂಗಿದ್ದ 31 ಮಂದಿ ತೀವ್ರ ಮಾನಸಿಕ ಅಸ್ವಸ್ಥರನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ವಿಶೇಷ ಪೂಜೆಯಾಗಲಿ ಮದ್ದಾಗಲಿ ಇರಲಿಲ್ಲ. ಆದರೂ ಸರಾಸರಿ ಆರು ವಾರಗಳ ವಾಸದಲ್ಲಿ ರೋಗಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ಹೆದರಿಸದ, ಹಂಗಿಸದ, ಜತೆಗಿಟ್ಟುಕೊಳ್ಳುವ ಜಾಗ ಸಿಕ್ಕಿದ್ದೇ ಕಾರಣ ಎಂಬುದು ಅವರ ತೀರ್ಮಾನ. 31 ಮಂದಿ ಬಹಳ ಸಣ್ಣ ಸಂಖ್ಯೆ ಎಂಬುದೂ ನೆನಪಿರಲಿ.

ಇದರ ಮಗ್ಗುಲಿಗೇ ಇನ್ನೊಂದು ಗುಡಿ-ದರ್ಗಾಗಳ ಕಥೆಯಿದೆ. ತಮಿಳುನಾಡಿನ ಎರವಾಡಿಯಲ್ಲಿ ದರ್ಗಾದ ಸುತ್ತ ಹುಟ್ಟಿಕೊಂಡ ಆಶ್ರಯಗೃಹವೊಂದರಲ್ಲಿ 2001ರ ಆಗಸ್ಟಿನಲ್ಲಿ ಬೆಂಕಿ ಬಿತ್ತು. ಸರಪಳಿ ಹಾಕಿದ್ದ ಮಾನಸಿಕ ಅಸ್ವಸ್ಥರು ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೀಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಅದೇ ವರ್ಷ ಕರ್ನಾಟಕ ಮಾಡಿದ ವಾಮಾಚಾರ ತಡೆ ಕಾಯ್ದೆ, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದನ್ನು ಅಪರಾಧವೆಂದು ಹೇಳಿದೆ.

ಹರಕೆಯ ಬೆಲೆ

ಈಗ ಉಚ್ಚಂಗಿದುರ್ಗಕ್ಕೆ ಮರಳೋಣ. ಸಾನ್ ಕುಣಿತಕ್ಕೂ ನಮ್ಮದಕ್ಕೂ ಇರುವ ದೊಡ್ಡ ಅಂತರ ಇಲ್ಲಿದೆ. ಕಲಹರಿಯಲ್ಲಿ ವಾಸಿಯಾದವರು ಯಾರಿಗೂ ಏನೂ ಕೊಡಬೇಕಿರಲಿಲ್ಲ. ನಮ್ಮಲ್ಲಿ ಕೊಡಬೇಕಿತ್ತು. ಕೆಲವು ಮನೆಗಳು ಕೊಟ್ಟದ್ದು ಹೆಣ್ಣುಮಗುವನ್ನು.

ಮನೆಯಲ್ಲಿ ಬಿಡದ ಜಡ್ಡು, ಸಾಲುಸಾಲು ಸಾವು, ಗಂಡುಮಗು ಉಳಿಯದಿರುವುದು, ಇಲ್ಲವೆ ಹುಡುಗಿಯ ತಲೆಯಲ್ಲಿ ಕೂದಲು ಗಂಟುಕಟ್ಟಿ ಜಟೆಯಾಗುವುದು. ಇವಕ್ಕೆ ಕಾರಣ ಕೇಳಿಸಿದಾಗ ದೇವಿ ಹುಡುಗಿಯನ್ನು ಬೇಡುತ್ತಿದ್ದಾಳೆ ಎಂಬ ಹೇಳಿಕೆ ಬರುತ್ತಿತ್ತು. ಹುಣ್ಣಿಮೆಯ ದಿನ ಅವಳ ಕೊರಳಿಗೆ ಮುತ್ತು ಕಟ್ಟುತ್ತಿದ್ದರು. ಆಮೇಲೆ ಅವಳಿಗೆ ಮದುವೆಯಿಲ್ಲ. ಊರ ಉಳ್ಳವರ ಕಣ್ಣು ಅವಳ ಮೇಲೆ ಬೀಳುತ್ತಿತ್ತು, ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರು ಇರುತ್ತಿರಲಿಲ್ಲ. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುತೇಕರು ದಲಿತ ಕೇರಿಯ, ಬಡ ಮನೆಯ ಹುಡುಗಿಯರು ಎಂಬುದೇ ಸಾಕು, ಇದು ಬರೀ ದೇವಿಯ ಬೇಡಿಕೆಯಾಗಿರಲಿಲ್ಲ ಎನ್ನಲು. ಜಟೆಯಂತೂ ಎಣ್ಣೆ, ನೀರು, ಬಾಚಣಿಗೆ ಕಾಣದ ಕೂದಲಿನ ಗಂಟು. ಕತ್ತರಿ ಹಾಕಿದರೆ ಮುಗಿಯಿತು. ಕತ್ತರಿ ಹಾಕುವ ಧೈರ್ಯವನ್ನು ಸಂಘಟನೆಗಳ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ತುಂಬಬೇಕಾಯಿತು.

ಕಾನೂನು ಬಂದು ಬಹಳ ಕಾಲವಾಯಿತು. ಬಳ್ಳಾರಿ ಮದ್ರಾಸಿನಲ್ಲಿದ್ದ ಕಾರಣ 1947ರ ಮದ್ರಾಸ್ ದೇವದಾಸಿ ನಿಷೇಧ ಕಾಯ್ದೆ ಈ ತಾಲ್ಲೂಕುಗಳಿಗೆ ಅನ್ವಯಿಸುತ್ತಿತ್ತು. ಆಮೇಲೆ 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂತು. ಆದರೂ 1993-94ರ ಸರ್ಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ಮಂದಿ ದೇವದಾಸಿಯರು ಸಿಕ್ಕರು. 2007-08ರ ಸಮೀಕ್ಷೆಯೂ ಸೇರಿ ಒಟ್ಟು 46,660 ಆಯಿತು. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದಲ್ಲಿ ಅಧಿಕಾರಿಗಳೂ ಪೊಲೀಸರೂ ಕಾವಲಿರಬೇಕಾದದ್ದು ಇದೇ ಕಾರಣಕ್ಕೆ. ಪ್ರತಿ ಅಂಕೆಯ ಹಿಂದೆ ಒಂದು ಮನೆಯಿದೆ. ಬಹಳಷ್ಟು ಮನೆಗಳ ಕಥೆ ಯಾರದೋ ಕಾಯಿಲೆಯಿಂದ ಶುರುವಾಗುತ್ತದೆ.

ಬಳ್ಳಾರಿ ಮಾದರಿ

ಆಸ್ಪತ್ರೆ ಹತ್ತಿರವಿದ್ದಿದ್ದರೆ ಇಷ್ಟು ಹರಕೆಗಳು ಬೇಕಾಗುತ್ತಿದ್ದವೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಪ್ರಯೋಗ ನಡೆದದ್ದು ಇದೇ ಜಿಲ್ಲೆಯಲ್ಲಿ ಎಂಬುದು ನಮ್ಮಲ್ಲೇ ಹೆಚ್ಚು ಜನರಿಗೆ ಗೊತ್ತಿಲ್ಲ. 1980ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗಗಳನ್ನು ಗುರುತಿಸಿ ಮದ್ದು ಕೊಡುವ ತರಬೇತಿ ನೀಡಿದರು. ಹರಪನಹಳ್ಳಿಯೂ ಆಗ ಬಳ್ಳಾರಿಯಲ್ಲೇ ಇತ್ತು. ಗಾಳಿ ಸೋಕಿದೆ ಎಂದು ಗುಡಿಯಿಂದ ಗುಡಿಗೆ ಅಲೆಯುತ್ತಿದ್ದ ಮೂರ್ಛೆಯವರಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಸಿಗುವಂತಾಯಿತು. ಬೆಂಗಳೂರಿಗೆ ಹೋಗಬೇಕಿಲ್ಲ, ದೊಡ್ಡ ಆಸ್ಪತ್ರೆಯ ಗೇಟಿಗೆ ಹೆದರಬೇಕಿಲ್ಲ. ಇದೇ ಬಳ್ಳಾರಿ ಮಾದರಿ ಎಂದು ಹೆಸರಾಗಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

ಮಾತ್ರೆ ಬಂದರೂ ಗುಡಿ ಖಾಲಿಯಾಗಲಿಲ್ಲ. ಆಗಬೇಕಾಗಿಯೂ ಇಲ್ಲ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಹರಕೆಗೆ ಬಂದ ಅಸ್ವಸ್ಥರನ್ನು ದರ್ಗಾದವರೇ ಪಕ್ಕದ ಡಾಕ್ಟರ ಬಳಿ ಕಳಿಸುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಅದಕ್ಕೆ ದವಾ ಮತ್ತು ದುವಾ ಎಂದು ಹೆಸರು, ಅಂದರೆ ಮದ್ದೂ ಹೌದು, ಪ್ರಾರ್ಥನೆಯೂ ಹೌದು. ಮೈಲಾರದಂಥ ಜಾತ್ರೆಯಲ್ಲಿ ಗೊರವಯ್ಯನೇ ಭಂಡಾರ ಹಚ್ಚಿ, ಹೋಗು, ಆಸ್ಪತ್ರೆಗೂ ತೋರಿಸು ಎಂದು ಅಪ್ಪಣೆ ಕೊಟ್ಟರೆ ಸರ್ಕಾರದ ನೂರು ಫಲಕಗಳಿಗಿಂತ ಅದು ಹೆಚ್ಚು ಕೆಲಸ ಮಾಡೀತು.

ಸೆರಗಿನ ದೃಷ್ಟಿ

2021ರ ನವೆಂಬರಿನಲ್ಲಿ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ನಡೆದದ್ದನ್ನು ಟಿ.ವಿ.ಯಲ್ಲಿ ನೋಡಿದವರು ಮರೆತಿರಲಾರರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸುವ ಮೊದಲು ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ಸೆರಗು ಹಿಡಿದು ದೃಷ್ಟಿ ತೆಗೆದರು. ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯಾಗಿ, ಮನೆಯಿಂದ ದೂರಾಗಿ, ಭಿಕ್ಷೆ ಬೇಡಿ, ಸಾಯಲೂ ಯತ್ನಿಸಿದ್ದವರು ಅವರು. ಕಾಳವ್ವ ಜೋಗತಿಯವರ ತಂಡದಲ್ಲಿ ಕುಣಿತ ಹಿಡಿದ ಮೇಲೆ ಅವರಿಗೆ ಬದುಕು ಮರಳಿ ಸಿಕ್ಕಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.

ಜೋಗತಿ ಕುಣಿತ ಇಂದು ವೇದಿಕೆ ಏರಿದೆ. ಅಲ್ಲಿ ಕುಣಿಯಲು ಯಾವ ಹುಡುಗಿಯ ಕೊರಳಿಗೂ ಮುತ್ತು ಕಟ್ಟಬೇಕಿಲ್ಲ. ಕಲೆ ಉಳಿಯಬೇಕಾದರೆ ಪದ್ಧತಿಯೂ ಉಳಿಯಬೇಕು ಎನ್ನುವವರಿಗೆ ಇದೇ ಉತ್ತರ. ದೇವಿಯ ಕೊಡ ತಲೆಯ ಮೇಲಿರಲಿ, ಚೌಡಿಕೆ ನುಡಿಯಲಿ, ಜಡ್ಡು ಬಿದ್ದವರ ಸುತ್ತ ಊರು ಕೂಡಲಿ. ಅವರನ್ನು ಮೊದಲು ಆಸ್ಪತ್ರೆಗೆ ತೋರಿಸಿ ಬಂದಿರಲಿ.

ನಮ್ಮ ಕುಣಿತ ಕಳೆಯಬಲ್ಲದ್ದು ಒಂಟಿಯಾಗಿ ನರಳುವ ಬ್ಯಾನಿಯನ್ನು. ಅದು ಸಣ್ಣ ಕೆಲಸವಲ್ಲ. ಆದರೆ ಒಬ್ಬರ ಬ್ಯಾನಿ ಕಳೆಯಲು ಇನ್ನೊಬ್ಬಳ ಬಾಳು ತೆರಬೇಕೆಂದು ಯಾವ ದೇವರೂ ಕೇಳುವುದಿಲ್ಲ. ಹಾಗೆ ಕೇಳುವವರು ಮನುಷ್ಯರೇ. ಮುಂದಿನ ಭರತ ಹುಣ್ಣಿಮೆಗೆ ಗುಡ್ಡ ಹತ್ತುವ ತಾಯಂದಿರು ತಮ್ಮ ಹೆಣ್ಣುಮಕ್ಕಳ ಕೈ ಹಿಡಿದೇ ಹತ್ತಲಿ, ಕೈ ಹಿಡಿದೇ ಇಳಿದು ಬರಲಿ.